ಎರೆಭೂಮಿಯಲ್ಲಿ ಫಲಕದ ಕಂಬ

ಗುತ್ತಲ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ಮರದ ಫಲಕವನ್ನು ನಿಲ್ಲಿಸುವುದು ಅಲ್ಪಕಾರ್ಯವೆಂದು ಅನೇಕರು ಭಾವಿಸುವುದುಂಟು. ಹಲಗೆ, ಬಣ್ಣ, ಅಕ್ಷರಗಳಿಗೆ ಧಾರಾಳವಾಗಿ ವೆಚ್ಚ ಮಾಡಿ, ಕಂಬದ ಕುಣಿಗೆ ಮಾತ್ರ ಅರ್ಧ ಗಳಿಗೆಯ ದುಡಿಮೆ ಸಾಕೆಂದು ಎಣಿಸುವುದು ಸರಿಯಲ್ಲ. ಪ್ರಾತ್ಯಕ್ಷಿಕೆಯ ಹೊಲದಲ್ಲಿ ತಳಿಯ ಹೆಸರು, ಬಿತ್ತಿದ ದಿನ, ಹಾಕಿದ ಗೊಬ್ಬರದ ಪ್ರಮಾಣ ಇವುಗಳನ್ನು ದಾರಿಹೋಕ ರೈತನಿಗೆ ತಿಳಿಸುವುದು ಫಲಕವೇ. ಅದು ನೆಲಕ್ಕೊರಗಿದರೆ ಹತ್ತಿ, ಗೋವಿನಜೋಳಗಳ ಬೆಳೆಯಷ್ಟೇ ಕಾಣುವುದು. ಅದರಿಂದ ಕಲಿಯತಕ್ಕ ಪಾಠವು ದೊರೆಯದು.

ಫಲಕಗಳು ಬೀಳುವುದಕ್ಕೆ ಮುಖ್ಯ ಕಾರಣವು ಮಣ್ಣಿನ ಗುಣವೇ. ಎರೆಮಣ್ಣು ನೀರನ್ನು ಹೀರಿ ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಕಂಬದ ಸುತ್ತಲೂ ಸಂದು ಬಿಡುತ್ತದೆ. ಆ ಸಮಯದಲ್ಲಿ ಬಿರುಗಾಳಿ ಬಂದರೆ ಮೇಲ್ಮೇಲೆ ಹುಗಿದ ಕಂಬವು ವಾಲದೆ ಇರದು. ಗಾಳಿಯ ವೇಗವು ಇಮ್ಮಡಿಯಾದರೆ ಹಲಗೆಯ ಮೇಲಿನ ಒತ್ತಡವು ನಾಲ್ಮಡಿಯಾಗುವುದು. ಆದುದರಿಂದ ಅಗಲವಾದ ಫಲಕಕ್ಕೆ ಒಂದೇ ಕಂಬವನ್ನು ಕೊಡದೆ ಎರಡನ್ನು ಕೊಡುವುದು ಯುಕ್ತ.

ಒಂಬತ್ತು ಅಡಿಯ ಕಂಬದಲ್ಲಿ ಮೂರು ಅಡಿಯಾದರೂ ನೆಲದೊಳಗಿರಬೇಕು. ಕುಣಿಯ ತಳದಲ್ಲಿ ಒಡೆದ ಕಲ್ಲನ್ನು ಹಾಸಿ, ಕಂಬವನ್ನು ತೂಗುಗುಂಡಿನಿಂದ ನೆಟ್ಟಗೆ ನೋಡಿ ನಿಲ್ಲಿಸಿ, ತೆಗೆದ ಎರೆಮಣ್ಣಿಗೆ ಬದಲಾಗಿ ಗರಸನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ಬಲವಾಗಿ ಧಮ್ಮಸು ಮಾಡತಕ್ಕದ್ದು. ಗರಸು ತುಂಬಿದ ಕುಣಿಯು ಎರೆಭೂಮಿಯಲ್ಲಿ ಸುತ್ತಲಿನ ನೀರನ್ನು ಸೆಳೆಯುವ ಬಾವಿಯಾಗಬಾರದು. ಅದಕ್ಕಾಗಿ ಮೇಲಿನ ಪದರವನ್ನು ಬಿಗಿಯಾದ ಮಣ್ಣಿನಿಂದ ಮುಚ್ಚಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಬೇಕು. ಮಸಾರಿ ನೆಲದಲ್ಲಿ ಇಷ್ಟು ಶ್ರಮವು ಬೇಕಾಗದು.

ಕಂಬವು ಮೊದಲು ಕೊಳೆಯುವುದು ನೆಲಮಟ್ಟದಲ್ಲಿ. ಅಲ್ಲಿ ತೇವವೂ ಗಾಳಿಯೂ ಕೂಡಿರುವುದರಿಂದ ಬೂಷ್ಟಿಗೆ ಅನುಕೂಲ. ಗೆದ್ದಲಿನ ಕಾಟವೂ ಇದೆ. ತೇಗ, ಕರಿಜಾಲಿ ಮುಂತಾದವುಗಳ ಚೇಗು ಬಾಳಿಕೆ ಬರುವುದು. ಹೊರಗಿನ ಬಿಳಿಮರವು ಬೇಗ ಕೆಡುವುದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣದಿಂದ ಮರವನ್ನು ಸಂರಕ್ಷಿಸುವ ವಿಧಾನವನ್ನು ಕಂಡುಹಿಡಿದರು. ಹಾಗೆ ಸಂಸ್ಕರಿಸಿದ ಮರದ ತುಂಡುಗಳನ್ನು ಒಲೆಗೆ ಹಾಕಬಾರದು; ಅವುಗಳ ಹೊಗೆಯೂ ಬೂದಿಯೂ ವಿಷ.

ಕಾಂಕ್ರೀಟು ಸುರಿದರೆ ಎಲ್ಲವೂ ಸರಿಹೋಗುವುದೆಂಬ ವಾದವುಂಟು. ಆದರೆ ಮರವು ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಅದಕ್ಕೂ ನಡುವೆ ಸಂದಾಗಿ ನೀರು ನಿಂತು ಕೊಳೆಯುವಿಕೆಯು ಹೆಚ್ಚುತ್ತದೆ. ಕಾಂಕ್ರೀಟು ಬಳಸಲೇಬೇಕಾದರೆ ಅದರಲ್ಲಿ ಕಬ್ಬಿಣದ ಪಟ್ಟಿಗಳನ್ನು ನೆಟ್ಟು, ಮರದ ಕಂಬವನ್ನು ನೆಲದಿಂದ ಮೇಲಕ್ಕೆ ಎತ್ತಿ ಬೋಲ್ಟುಗಳಿಂದ ಬಿಗಿಯುವುದು ಲೇಸು.

ಗುತ್ತ ಅರಸರ ರಾಜಧಾನಿಯಾಗಿದ್ದ ಗುತ್ತಲದ ಶಾಸನಗಳು ಕಲ್ಲಿನವಾದುದರಿಂದ ಶತಮಾನಗಳನ್ನು ಕಂಡಿವೆ. ಮರಕ್ಕೆ ಆ ಆಯುಷ್ಯವನ್ನು ಯಾರೂ ಬಯಸುವುದಿಲ್ಲ. ಆದರೆ ಬಿತ್ತನೆಯಿಂದ ಸುಗ್ಗಿಯವರೆಗೆ ನಿಲ್ಲದ ಫಲಕಕ್ಕೆ ಸಾರ್ವಜನಿಕರ ಹಣವನ್ನು ವ್ಯಯಿಸುವುದು ನ್ಯಾಯವಲ್ಲ. ಫಲಕದ ಅಂದಾಜುಪಟ್ಟಿಯಲ್ಲಿ ಗರಸಿಗೂ ಧಮ್ಮಸಿನ ಕೂಲಿಗೂ ಪ್ರತ್ಯೇಕ ಬಾಬು ಇರಬೇಕು. ಪ್ರತಿ ವರ್ಷವೂ ಮುಂಗಾರಿಗೆ ಮುಂಚೆ ಕಂಬದ ಬುಡದ ಬಿರುಕುಗಳನ್ನು ಮುಚ್ಚಿಸುವ ಹೊಣೆಯನ್ನೂ ಒಬ್ಬರಿಗೆ ವಹಿಸಬೇಕು. ಅಷ್ಟು ಮಾಡಿದರೆ ಬರೆದ ಅಕ್ಷರವು ಓದುವವನಿಗಾಗಿ ನಿಂತಿರುವುದು.