ಚೀಟಿಯ ಮೇಲೊಂದು ಬೆಟ್ಟ

ಅಂಗಡಿಯ ಹಲಗೆಯ ಮೇಲೆ ಹತ್ತು ಬಗೆಯ ಚಟ್ನಿಪುಡಿಯ ಪೊಟ್ಟಣಗಳು ಸಾಲಾಗಿ ಕುಳಿತಿರುವಾಗ ಗಿರಾಕಿಯ ಕೈ ಯಾವುದರ ಕಡೆಗೆ ನೀಳುತ್ತದೆ? ರುಚಿಯ ಮಾತು ಆಮೇಲಿನದು. ಮೊದಲ ಸಲ ಕೊಳ್ಳುವವರಿಗೆ ಕಾಣುವುದು ಚೀಟಿಯೊಂದೇ. ಎರಡನೆಯ ಸಲ ಬಂದವರಿಗೆ ಹಿಂದೆ ಕೊಂಡದ್ದು ಇದೇ ಎಂದು ಗುರುತು ಹತ್ತಬೇಡವೆ? ಮೈಸೂರು ಸ್ಯಾಂಡಲ್ ಸಾಬೂನಿನ ಶರಭವನ್ನು ನೋಡಿ. ಸಿಂಹದ ಒಡಲಿಗೆ ಆನೆಯ ತಲೆ ಕೂಡಿದ ಆ ಆಕೃತಿಯನ್ನು ಕಂಡವರು ಹೆಸರನ್ನು ಓದುವ ಗೋಜಿಗೇ ಹೋಗುವುದಿಲ್ಲ. ಲಾಂಛನದ ಕೆಲಸವೆಂದರೆ ಇಷ್ಟೆ.

ಈ ವಿಚಾರ ಬಂದದ್ದು ನಮ್ಮ ಸಿದ್ಧಾರ್ಥನಗರದ ಗೃಹಿಣಿಯೊಬ್ಬರ ದೆಸೆಯಿಂದ. ಪತಿಯ ನಿವೃತ್ತಿಯ ಅನಂತರ ಮನೆಯಲ್ಲಿಯೇ ಸಾರಿನ ಪುಡಿ, ಚಟ್ನಿಪುಡಿಗಳನ್ನು ಮಾಡಿ ಮಾರುತ್ತಿರುವ ಇವರಿಗೆ ನೆರೆಹೊರೆಯಲ್ಲಿ ಒಳ್ಳೆಯ ಹೆಸರುಂಟು. ಅಂಗಡಿಗಳಲ್ಲಿ ಮಾತ್ರ ಹೆಸರು ಹಿಡಿದು ಕೇಳುವವರಿಲ್ಲ. ಹಣ ತೆತ್ತು ಮಾಡಿಸಿದ ಲಾಂಛನದಲ್ಲಿ ಅರಮನೆಯ ಗೋಪುರವಿತ್ತು, ಆನೆಯಿತ್ತು, ಕಮಲವಿತ್ತು. ಎಲ್ಲಕ್ಕೂ ಮೇಲೆ ಗಂಡಭೇರುಂಡ, ಅದು ಪತಿರಾಯರ ಆಗ್ರಹ. ಅಂಗೈಯಗಲದ ಚೀಟಿಗೆ ಇಳಿಸಿದಾಗ ಇಷ್ಟೂ ಸೇರಿ ಶಾಯಿ ಚೆಲ್ಲಿದ ಕಲೆಯಂತಾಯಿತು. ಎರಡು ಸಾವಿರ ಚೀಟಿಗಳು ಅದಾಗಲೇ ಅಚ್ಚಾಗಿದ್ದವು. ಕೈಯಲ್ಲುಳಿದ ಹಣದಲ್ಲಿ ಇನ್ನೊಂದು ಸಲ ಅಚ್ಚು ಹಾಕಿಸಬಹುದಿತ್ತು, ಮೂರನೆಯ ಸಲವಲ್ಲ.

ಗಂಡಭೇರುಂಡಕ್ಕೆ ಬೇರೆ ಅಡ್ಡಿಯೂ ಇದೆ. ಮೈಸೂರು ಅರಸರ ಆ ಚಿಹ್ನೆ ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಸರ್ಕಾರದ ಲಾಂಛನವನ್ನಾಗಲಿ ಅದರ ಅನುಕರಣೆಯನ್ನಾಗಲಿ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಿಕೊಳ್ಳುವುದನ್ನು 1950ರ ಕಾಯಿದೆ ನಿಷೇಧಿಸುತ್ತದೆ. ಪತಿರಾಯರು ಇದನ್ನು ಕೇಳಿ ನೊಂದುಕೊಂಡರೆಂಬುದು ನಿಜ.

ಕಾಲೇಜಿನಲ್ಲಿ ಓದುತ್ತಿರುವ ಮಗಳು ಕೆಲಸವನ್ನು ಕೈಗೆತ್ತಿಕೊಂಡಳು. ಅವಳು ಬಳಸಿದ್ದು ಗಿಂಪ್ ಎಂಬ ತಂತ್ರಾಂಶ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬಿಬ್ಬರು ರಚಿಸಿ 1996ರಲ್ಲಿ ಲೋಕಕ್ಕೆ ಕೊಟ್ಟದ್ದು, ಕಾಸು ಕೊಡಬೇಕಾಗಿಲ್ಲ. ಲಿನಕ್ಸಿನ ಗುರುತಾಗಿರುವ ಪೆಂಗ್ವಿನ್ ಹಕ್ಕಿಯನ್ನು ಲ್ಯಾರಿ ಯೂಯಿಂಗ್ ಅದೇ ವರ್ಷ ಬಿಡಿಸಿದ್ದು ಇದರಲ್ಲಿಯೇ. ಆದುದರಿಂದ ಪುಕ್ಕಟೆಯದೆಂದು ಹಗುರವಾಗಿ ಕಾಣಬೇಕಾಗಿಲ್ಲ.

ಜಾಣೆಯಾದ ಹುಡುಗಿ, ಗಣಕಯಂತ್ರವನ್ನು ಮುಟ್ಟುವ ಮೊದಲು ಸೀಸದ ಕಡ್ಡಿ ಹಿಡಿದು ಮಹಡಿಗೆ ಹೋದಳು. ಅಲ್ಲಿಂದ ಚಾಮುಂಡಿ ಬೆಟ್ಟದ ಬೆನ್ನು ಕಾಣುತ್ತದೆ. ಆ ಗೆರೆಯನ್ನು ಎಳೆದು ನೋಡಿದರೆ, ತಟ್ಟೆಯಲ್ಲಿ ಸುರಿದ ಪುಡಿಯ ರಾಶಿಯೂ ಅದೇ ಆಕಾರ! ಕೆಳಗೊಂದು ತಟ್ಟೆಯ ಬಾಗುಗೆರೆ ಸೇರಿಸಿದಳು. ಚಿತ್ರ ಮುಗಿಯಿತು.

ಯಂತ್ರದ ಕೆಲಸ ಕಷ್ಟದ್ದಲ್ಲ. ಅಗಲ ಎತ್ತರ ಎರಡೂ 2000 ಬಿಂದುಗಳಿರುವ, ಹಿನ್ನೆಲೆ ಪಾರದರ್ಶಕವಾಗಿರುವ ಹಾಳೆಯೊಂದನ್ನು ತೆರೆಯಬೇಕು. ಚಿತ್ರಕ್ಕೊಂದು ಪದರ, ಅಕ್ಷರಗಳಿಗೆ ಇನ್ನೊಂದು. ಹೀಗಿದ್ದರೆ ಒಂದನ್ನು ತಿದ್ದುವಾಗ ಮತ್ತೊಂದು ಕೆಡುವುದಿಲ್ಲ.

ತೊಡಕಿರುವುದು ನಮ್ಮ ಅಕ್ಷರಗಳಲ್ಲಿ. ‘ಸಿದ್ಧಾರ್ಥ’ ಎಂಬ ಪದವನ್ನೇ ತೆಗೆದುಕೊಳ್ಳಿ. ದಕಾರದ ಕೆಳಗೆ ಒತ್ತು, ಥಕಾರದ ಹೊಟ್ಟೆಯಲ್ಲಿ ಚುಕ್ಕೆ, ಪಕ್ಕದಲ್ಲಿ ಅರ್ಕಾವೊತ್ತು. ಇಂಗ್ಲಿಷ್ ಹೆಸರು ಒಂದೇ ಸಾಲಿನಲ್ಲಿ ಮುಗಿದರೆ, ಕನ್ನಡದ ಹೆಸರು ಕೆಳಕ್ಕೂ ಇಳಿಯುತ್ತದೆ. ಕಿರಿದಾಗಿಸಿದಾಗ ಮೊದಲು ಮುಚ್ಚಿಹೋಗುವುದು ಈ ಒತ್ತುಗಳ ಕಣ್ಣುಗಳೇ. ಆದುದರಿಂದ ದಪ್ಪ ಅಕ್ಷರವೇ ಚೆಂದವೆಂಬ ಭ್ರಮೆ ಬೇಡ. ಒಳಗಡೆ ಬಯಲಿರುವ ಅಕ್ಷರವನ್ನು ಆರಿಸಬೇಕು. ಬಾಲೂ ತಮ್ಮ, ಅಕಾಯ ಕನ್ನಡಕ, ನೋಟೋ ಮೊದಲಾದ ಯುನಿಕೋಡ್ ಅಕ್ಷರವಿನ್ಯಾಸಗಳು ಬೆಲೆಯಿಲ್ಲದೆ ದೊರೆಯುತ್ತವೆ, ವ್ಯಾಪಾರಕ್ಕೆ ಬಳಸಲು ಅನುಮತಿಯೂ ಇದೆ. ಜಾಗ ತುಂಬಲೆಂದು ಅಕ್ಷರಗಳನ್ನು ಎಳೆದು ಅಗಲಿಸುವ ಚಾಳಿ ನನಗಂತೂ ಸಹಿಸದು. ಹೋಳಿಗೆ ಲಟ್ಟಿಸಿದ ಹಾಗೆ ಕಾಣುತ್ತದೆ.

ಅನಂತರ ಪರೀಕ್ಷೆ. ಬಣ್ಣವನ್ನು ಪೂರ್ತಿ ತೆಗೆದು ಕಪ್ಪು ಬಿಳುಪಿನಲ್ಲಿ ನೋಡುವುದು. ಅಂಚೆಯ ಚೀಟಿಯಷ್ಟಕ್ಕೆ ಇಳಿಸಿ ಕಾಗದದ ಮೇಲೆ ಅಚ್ಚು ತೆಗೆದು ತೋಳುದ್ದ ದೂರದಲ್ಲಿ ಹಿಡಿಯುವುದು. ತೆರೆಯ ಮೇಲೆ ಹೊಳೆಯುವ ಕೆಂಪು ಕಾಗದಕ್ಕೆ ಬಂದಾಗ ಮಂಕಾಗುವುದುಂಟು. ಈ ಹುಡುಗಿ ಮೂರು ಸಲ ಅಕ್ಷರ ಬದಲಿಸಿದಳು.

ತಿದ್ದಲು ಬೇಕಾಗುವ ಮೂಲ ಕಡತವನ್ನು ಗಿಂಪಿನದೇ ಎಕ್ಸ್‌ಸಿಎಫ್ ರೂಪದಲ್ಲಿಯೂ, ಹಂಚಲಿಕ್ಕೆ ಪಿಎನ್‌ಜಿ ರೂಪದಲ್ಲಿಯೂ ಇಟ್ಟುಕೊಳ್ಳತಕ್ಕದ್ದು. ಜೆಪೆಗ್ ಆದರೆ ಲಾಂಛನದ ಸುತ್ತ ಬಿಳಿಯ ಚೌಕ ಅಂಟಿಕೊಂಡೇ ಬರುತ್ತದೆ. ಮುಂದೆ ಅಂಗಡಿಯ ಬೋರ್ಡಿಗೆ ಹಿಗ್ಗಿಸುವುದಾದರೆ ಬಿಂದುಗಳಿಂದಾದ ಈ ಚಿತ್ರದ ಅಂಚು ಮೆಟ್ಟಿಲು ಮೆಟ್ಟಿಲಾದೀತು. ಅದಕ್ಕೆ ಇಂಕ್‌ಸ್ಕೇಪ್ ಎಂಬ ಮತ್ತೊಂದು ಉಚಿತ ತಂತ್ರಾಂಶದಲ್ಲಿ ಗೆರೆಗಳನ್ನು ಮತ್ತೆ ಎಳೆದು, ಅಕ್ಷರಗಳನ್ನೂ ಗೆರೆಗಳನ್ನಾಗಿ ಪರಿವರ್ತಿಸಿದರೆ ಮುದ್ರಣಾಲಯದಲ್ಲಿ ಆ ಅಕ್ಷರವಿನ್ಯಾಸವಿಲ್ಲದಿದ್ದರೂ ಚಿಂತೆಯಿಲ್ಲ.

ಹೊಸ ಚೀಟಿ ಒಂದೇ ಬಣ್ಣದಲ್ಲಿ, ಐನೂರು ಮಾತ್ರ ಅಚ್ಚಾಗಿದೆ. ವ್ಯಾಪಾರ ಚಿಹ್ನೆಯೆಂದು ನೋಂದಾಯಿಸಲು ವ್ಯಕ್ತಿಗಳಿಗೆ ಅಂತರ್ಜಾಲದ ಅರ್ಜಿಗೆ 4,500 ರೂಪಾಯಿ ಶುಲ್ಕ. ಒಮ್ಮೆ ದೊರೆತರೆ ಹತ್ತು ವರ್ಷ. ಆ ಹಣವನ್ನು ಪುಡಿಯ ಲಾಭದಿಂದಲೇ ಕೂಡಿಸುವೆನೆಂದು ತಾಯಿ ಹಟ ಹಿಡಿದಿದ್ದಾರೆ. ಪತಿರಾಯರು ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತ, ಬೆಟ್ಟದ ಮೇಲೆ ಒಂದು ಸಣ್ಣ ಹಕ್ಕಿಯನ್ನಾದರೂ ಕೂರಿಸಬಹುದಾಗಿತ್ತೆಂದು ಈಗಲೂ ಹೇಳುತ್ತಿರುತ್ತಾರೆ.