ಸೆಪ್ಟೆಂಬರ್ ದಾಟಬೇಕಾದ ದೀಪ

ಸೌರ ಬೀದಿದೀಪದಲ್ಲಿ ಇರುವುದು ನಾಲ್ಕೇ ಭಾಗ: ಬಿಸಿಲು ಹಿಡಿಯುವ ಫಲಕ, ಅದನ್ನು ಕೂಡಿಡುವ ಬ್ಯಾಟರಿ, ಇವೆರಡರ ನಡುವೆ ಲೆಕ್ಕ ನೋಡಿಕೊಳ್ಳುವ ಕಂಟ್ರೋಲರ್, ಕೊನೆಯಲ್ಲಿ ಎಲ್‌ಇಡಿ. ಹೊಸದಾಗಿ ನಿಲ್ಲಿಸಿದ ಕಂಬ ಮೊದಲ ಸಂಜೆ ಬೆಳಗುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಬ್ಯಾಟರಿ ಹೊಸದು, ಗಾಜು ಶುಭ್ರ, ಸಾಮಾನ್ಯವಾಗಿ ಕಾರ್ಖಾನೆಯಿಂದ ಬರುವಾಗಲೇ ಬ್ಯಾಟರಿಯಲ್ಲಿ ಒಂದಿಷ್ಟು ಚಾರ್ಜ್ ಇರುತ್ತದೆ. ಆದರೂ ನಮ್ಮ ಪುರಸಭೆಗಳಲ್ಲಿ ಪ್ರಾಯೋಗಿಕ ಅಳವಡಿಕೆ ಎಂಬುದು ಬಹುತೇಕ ಆ ಮೊದಲ ಸಂಜೆಗೇ ಮುಗಿಯುತ್ತದೆ. ಗುಂಡಿ ಒತ್ತಿದ್ದಾಯಿತು, ಫೋಟೊ ಬಂತು, ಬಿಲ್ ಪಾಸಾಯಿತು. ಮೂರನೇ ವರ್ಷ ಆ ಕಂಬಗಳಲ್ಲಿ ಎಷ್ಟು ಬೆಳಗುತ್ತಿವೆ ಎಂದು ಕೇಳಿದರೆ ಕಡತದಲ್ಲಿ ಉತ್ತರ ಸಿಗುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆದ ಪ್ರಯೋಗಕ್ಕೆ ಫಲಿತಾಂಶವೇ ಇಲ್ಲದಿರುವುದು ಸಣ್ಣ ಲೋಪವಲ್ಲ.

ಈ ದೀಪವನ್ನು ನಿಜವಾಗಿ ಪರೀಕ್ಷಿಸಬೇಕೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಬಿಸಿಲಿಗೆ ಇಲ್ಲಿ ಬರವಿಲ್ಲ. ಮೋಡವಿಲ್ಲದ ದಿನ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ಫಲಕಕ್ಕೆ ದಕ್ಕುತ್ತದೆ. ದೀಪವನ್ನು ಕಾಡುವ ವೈರಿಗಳೂ ಇಲ್ಲಿಯೇ ಒಟ್ಟಾಗಿವೆ. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ, ಸೇಡಂ ಪಟ್ಟಣದ ಮಗ್ಗುಲಲ್ಲಿ ಮತ್ತೊಂದು, ಅದೇ ತಾಲ್ಲೂಕಿನ ಮಳಖೇಡದಲ್ಲಿ ಇನ್ನೊಂದು. ಶಹಾಬಾದಿನ ಸುತ್ತ ಫರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳು. ಈ ಸೀಮೆಯ ನೆಲದಡಿ ಇರುವ ಸುಣ್ಣಕಲ್ಲು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಗಾಳಿಗೆ ಧೂಳನ್ನೂ ಕೊಟ್ಟಿದೆ.

ಈ ಧೂಳು ಹೊಲದ ಮಣ್ಣಿನ ಧೂಳಿನಂಥದಲ್ಲ. ಮಣ್ಣು ಒಂದು ಮಳೆಗೆ ತೊಳೆದುಹೋಗುತ್ತದೆ. ಸಿಮೆಂಟ್ ಪುಡಿ ಮುಂಜಾನೆಯ ಇಬ್ಬನಿಯಲ್ಲಿ ನೆನೆದು, ಬಿಸಿಲೇರಿದಂತೆ ಬಿಗಿದು ಗಾಜಿಗೆ ಹಕ್ಕಳೆಗಟ್ಟುತ್ತದೆ. ಬರೀ ನೀರು ಸುರಿದರೆ ಅದು ಬಿಡುವುದಿಲ್ಲ, ಗಟ್ಟಿಯಾಗಿ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಫಲಕ, ಬ್ಯಾಟರಿ, ದೀಪ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಮಾದರಿಗಳು ಈಗ ಹೆಚ್ಚು ಮಾರಾಟವಾಗುತ್ತಿವೆ. ಹಲವು ಮಾದರಿಗಳಲ್ಲಿ ಫಲಕ ಬಹುತೇಕ ಅಂಗಾತ ಮಲಗಿರುತ್ತದೆ. ಧೂಳು ಕೂರಲು ಅದಕ್ಕಿಂತ ಒಳ್ಳೆಯ ತಾವಿಲ್ಲ. ಈ ಪಟ್ಟಣಗಳಿರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಫಲಕ ದಕ್ಷಿಣಕ್ಕೆ ಮುಖ ಮಾಡಿ ಸುಮಾರು ಅಷ್ಟೇ ಡಿಗ್ರಿ ಓರೆಯಾಗಿದ್ದರೆ ಬಿಸಿಲೂ ಚೆನ್ನಾಗಿ ಬೀಳುತ್ತದೆ, ಮಳೆನೀರೂ ಜಾರುತ್ತದೆ. ಒಂದೇ ಪೆಟ್ಟಿಗೆಯ ದೀಪವಾದರೋ ರಸ್ತೆ ಯಾವ ಕಡೆಗಿದೆಯೋ ಆ ಕಡೆಗೇ ತಿರುಗಬೇಕು. ದಕ್ಷಿಣ ದಿಕ್ಕನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅದಕ್ಕಿಲ್ಲ.

ಲೆಕ್ಕ ಹೀಗೆ ನಡೆಯುತ್ತದೆ. 12 ವ್ಯಾಟ್ ಎಲ್‌ಇಡಿ, 75 ವ್ಯಾಟ್ ಫಲಕ, 12.8 ವೋಲ್ಟಿನ 30 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇರುವ ದೀಪವನ್ನು ತೆಗೆದುಕೊಳ್ಳಬಹುದು. ಮೊದಲ ನಾಲ್ಕು ಗಂಟೆ ಪೂರ್ಣ ಬೆಳಕು, ಉಳಿದ ಎಂಟು ಗಂಟೆ ಅರ್ಧ ಬೆಳಕು ಎಂದರೆ ಒಂದು ರಾತ್ರಿಯ ಖರ್ಚು 96 ವ್ಯಾಟ್-ಅವರ್. ಬ್ಯಾಟರಿಯ ಒಟ್ಟು ಸಾಮರ್ಥ್ಯ 384. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 288ನ್ನು ಬಳಸಬಹುದು ಎಂದರೆ ಬಿಸಿಲೇ ಇಲ್ಲದೆ ಮೂರು ರಾತ್ರಿ ಸಾಗುತ್ತದೆ. ಬಿಸಿಲಿರುವ ದಿನ, ನಷ್ಟಗಳನ್ನೆಲ್ಲ ಕಳೆದರೂ 250ರಷ್ಟು ಜಮೆಯಾಗುತ್ತದೆ. ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ.

ಕೊರತೆ ಕಾಣುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದಾಗ. ಐದು ಗಂಟೆಯ ಬಿಸಿಲು ಒಂದೂವರೆ ಗಂಟೆಗೆ ಇಳಿಯಿತೆನ್ನಿ. ಜಮೆ 75ಕ್ಕೆ ಬೀಳುತ್ತದೆ. ಶುಭ್ರವಾದ ಫಲಕವಿದ್ದರೆ ದಿನಕ್ಕೆ 21ರ ಕೊರತೆ. ಬ್ಯಾಟರಿ ಎರಡು ವಾರದ ತನಕ ಎಳೆಯುತ್ತದೆ. ಅದೇ ಫಲಕದ ಮೇಲೆ ಶೇ 30ರಷ್ಟು ಬೆಳಕು ತಡೆಯುವ ಧೂಳಿನ ಹಕ್ಕಳೆ ಇದ್ದರೆ ಕೊರತೆ ದುಪ್ಪಟ್ಟಾಗಿ, ಏಳನೇ ರಾತ್ರಿಯೊಳಗೆ ದೀಪ ಆರುತ್ತದೆ. ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳದ ಕೊಳೆ, ಬೀದಿಗೆ ಬೆಳಕು ತೀರಾ ಬೇಕಾದ ಮಳೆಗಾಲದ ಕತ್ತಲಲ್ಲೇ ಕಾಡುತ್ತದೆ. ಡಿಸೆಂಬರಿನ ರಾತ್ರಿಯೋ ಹದಿಮೂರು ಗಂಟೆಗೆ ಹತ್ತಿರ. ಆಗ ಖರ್ಚಿನ ಬಾಬ್ತು ಬೆಳೆಯುತ್ತದೆ.

ಬೇಸಿಗೆಯ ಕಥೆ ಬೇರೆ. ಕಲಬುರಗಿಯ ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯ ಉಷ್ಣಾಂಶ 42-43 ಡಿಗ್ರಿ ಮುಟ್ಟಿದಾಗ ಫಲಕದ ಒಳಗೆ 65 ಡಿಗ್ರಿ ದಾಟುವುದು ಸಹಜ. 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ಸಿಲಿಕಾನ್ ಫಲಕದ ಉತ್ಪಾದನೆ ಸುಮಾರು ಶೇ 0.4ರಷ್ಟು ಕುಗ್ಗುತ್ತದೆ. ಅಷ್ಟು ನಷ್ಟವನ್ನು ಬಿಸಿಲೇ ತುಂಬಿಕೊಡುತ್ತದೆ, ಚಿಂತೆಯಿಲ್ಲ. ಬಾಳಿಕೆ ಕಳೆದುಕೊಳ್ಳುವುದು ಬ್ಯಾಟರಿ. ಕಾದ ಫಲಕದ ಅಡಿಗೇ, ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂತ ಬ್ಯಾಟರಿ ಪ್ರತಿ ಬೇಸಿಗೆಯಲ್ಲೂ ಆಯುಷ್ಯದ ಒಂದು ಪಾಲನ್ನು ಬಿಟ್ಟುಕೊಡುತ್ತದೆ.

ಆದ್ದರಿಂದ ಪರೀಕ್ಷೆಯ ಅವಧಿ ಒಂದು ಪೂರ್ತಿ ವರ್ಷಕ್ಕಿಂತ ಕಡಿಮೆ ಇರಬಾರದು. ಎರಡು ಮಳೆಗಾಲ ಸಿಕ್ಕರೆ ಒಳ್ಳೆಯದು. ಅಳೆಯಬೇಕಾದ ಹೊತ್ತು ಸಂಜೆ ಏಳಲ್ಲ, ಬೆಳಗಿನ ಜಾವ ನಾಲ್ಕು. ವಾಡಿಯಲ್ಲಿ ಮುಂಬೈ-ಚೆನ್ನೈ ಮಾರ್ಗದಿಂದ ಸಿಕಂದರಾಬಾದ್ ಕಡೆಯ ಹಳಿ ಕವಲೊಡೆಯುತ್ತದೆ. ಅಲ್ಲಿ ನಡುರಾತ್ರಿಯ ರೈಲಿನಿಂದ ಇಳಿದವರು, ಪಾಳಿ ಮುಗಿಸಿದ ಕಾರ್ಮಿಕರು ನಡೆದು ಮನೆ ಸೇರುವುದು ಇಂಥ ಅಪರಾತ್ರಿಯಲ್ಲೇ. ಭಾರತೀಯ ಮಾನಕ ಐಎಸ್ 1944ರ ಪ್ರಕಾರ ಕಡಿಮೆ ಸಂಚಾರದ ಒಳರಸ್ತೆಗೆ ಸರಾಸರಿ 4 ಲಕ್ಸ್, ಮುಖ್ಯ ರಸ್ತೆಗೆ 15ರಿಂದ 30 ಲಕ್ಸ್ ಬೆಳಕು ಬೇಕು. 12 ವ್ಯಾಟಿನ ದೀಪ ಓಣಿಗೆ ಸಾಕು. ಲಾರಿಗಳು ಓಡಾಡುವ ಸೇಡಂ, ಶಹಾಬಾದಿನ ಮುಖ್ಯ ರಸ್ತೆಗೆ ಅದನ್ನು ಹಾಕುವುದು ಬೆಳಕಿನ ಹೆಸರಲ್ಲಿ ಕತ್ತಲು ಹಂಚಿದಂತೆ. ಪ್ರತಿ ಪಟ್ಟಣದಲ್ಲೂ ವಾರಕ್ಕೊಮ್ಮೆ ಒರೆಸುವ ಕೆಲವು ಕಂಬ, ಒರೆಸದೆ ಬಿಟ್ಟ ಕೆಲವು ಕಂಬ, ಪಕ್ಕದಲ್ಲೇ ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ತಂತಿಯ ಎಲ್‌ಇಡಿ ಇರುವ ಕೆಲವು ಕಂಬ ಇರಬೇಕು. ಹೋಲಿಕೆ ಇಲ್ಲದ ಕಡೆ ಪರೀಕ್ಷೆಯೂ ಇಲ್ಲ.

ಕೇಂದ್ರದ ಬೀದಿದೀಪ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಶುರುವಾದ ಮೇಲೆ ತಂತಿಯ ಎಲ್‌ಇಡಿ ಅಗ್ಗವಾಗಿದೆ. ತಂತಿ ಈಗಾಗಲೇ ಎಳೆದಿರುವ ಚಿತ್ತಾಪುರದ ಪೇಟೆಬೀದಿಯಲ್ಲಿ ಸೌರ ಕಂಬ ನೆಡುವುದಕ್ಕಿಂತ, ಅದೇ ಹಣದಲ್ಲಿ ಪುರಸಭೆ ಕಚೇರಿಯ ಮಾಳಿಗೆ ಮೇಲೆ ಫಲಕ ಹಾಕಿ ಬೀದಿದೀಪದ ಬಿಲ್ಲನ್ನು ತಗ್ಗಿಸುವುದು ಹೆಚ್ಚು ಬುದ್ಧಿವಂತಿಕೆ. ಅಲ್ಲಿ ಬ್ಯಾಟರಿಯ ಗೊಡವೆ ಇಲ್ಲ, ಒರೆಸಲು ಏಣಿ ಹೊತ್ತು ಕಂಬದಿಂದ ಕಂಬಕ್ಕೆ ಅಲೆಯಬೇಕಿಲ್ಲ. ಬಿಡಿ ಸೌರದೀಪದ ನಿಜವಾದ ಜಾಗ ತಂತಿ ತಲುಪದ ಅಂಚು: ಚಿಂಚೋಳಿಯ ಕಾಡಂಚಿನ ತಾಂಡಾಗಳ ದಾರಿ, ಊರಾಚೆಯ ಬಡಾವಣೆ, ರುದ್ರಭೂಮಿಯ ರಸ್ತೆ. ಚಿಂಚೋಳಿ ವನ್ಯಜೀವಿಧಾಮದ ಬದಿಯಲ್ಲಿ ಬಿಳಿ ಬೆಳಕಿಗಿಂತ ಹಳದಿ ಛಾಯೆಯ ಮಂದ ಬೆಳಕು ಲೇಸು.

1905ರ ಆಗಸ್ಟ್ 5ರಂದು ಬೆಂಗಳೂರಿನ ಈಗಿನ ಕೆ.ಆರ್. ಮಾರುಕಟ್ಟೆ ಬಳಿ ವಿದ್ಯುತ್ ಬೀದಿದೀಪ ಬೆಳಗಿದಾಗ ವಿದ್ಯುತ್ ಬಂದದ್ದು ದೂರದ ಶಿವನಸಮುದ್ರದಿಂದ. ಉತ್ಪಾದನೆ ಒಂದು ಕಡೆ, ಅದನ್ನು ನೋಡಿಕೊಳ್ಳುವವರೂ ಅಲ್ಲಿಯೇ. ಸೌರದೀಪದಲ್ಲಿ ಕಂಬಕ್ಕೊಂದು ವಿದ್ಯುತ್ ಕೇಂದ್ರ. ನೂರು ಕಂಬ ನೆಟ್ಟರೆ ನೂರು ಕೇಂದ್ರಗಳ ಉಸ್ತುವಾರಿ. ಇದನ್ನು ಕರ್ನಾಟಕದಲ್ಲಿ ಚೆನ್ನಾಗಿ ಅರಿತದ್ದು 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ, ಮನೆಗಳಿಗೆ ಸೌರದೀಪ ಹಾಕುವ ಕಂಪನಿ ಸೆಲ್ಕೊ. ಹಂದೆಯವರಿಗೆ 2011ರ ಮ್ಯಾಗ್ಸೆಸೆ ಪ್ರಶಸ್ತಿ ತಂದ ಆ ಕೆಲಸದ ಗುಟ್ಟು ಫಲಕದಲ್ಲಿರಲಿಲ್ಲ. ಹಳ್ಳಿಗಳ ಸಮೀಪದಲ್ಲೇ ಸೇವಾ ಕೇಂದ್ರವಿತ್ತು, ದೀಪ ಕೆಟ್ಟರೆ ಬರುವ ತಂತ್ರಜ್ಞನಿದ್ದ, ಸಾಲ ಕೊಡುವ ಬ್ಯಾಂಕ್ ಇತ್ತು. ಅಲ್ಲಿ ಮನೆಯವರು ತಾವೇ ಕಂತು ಕಟ್ಟುತ್ತಿದ್ದರು, ಹಾಗಾಗಿ ದೀಪ ಆರಿದರೆ ಕೇಳುವವರಿದ್ದರು. ಬೀದಿದೀಪಕ್ಕೆ ಅಂಥ ಯಜಮಾನ ಇಲ್ಲ.

ಆ ಯಜಮಾನಿಕೆ ಟೆಂಡರಿನ ಷರತ್ತಿನಿಂದಲೇ ಬರಬೇಕು. ಪ್ರತಿ ಕಂಬಕ್ಕೊಂದು ಸಂಖ್ಯೆ, ಕಂಬದ ಮೇಲೆ ದೂರು ಹೇಳುವ ಫೋನ್ ನಂಬರ್, ತಿಂಗಳ ಅಳತೆಯ ವಿವರ ಪುರಸಭೆಯ ಸೂಚನಾ ಫಲಕದಲ್ಲಿ ಎಲ್ಲರೂ ಓದುವಂತೆ. ಫಲಕ ಒರೆಸುವವರ ಕೂಲಿ, ಐದನೇ ವರ್ಷದ ಬ್ಯಾಟರಿಯ ಬೆಲೆ ಮೊದಲೇ ಅಂದಾಜಿನಲ್ಲಿ ಸೇರಬೇಕು. ಸಂವಿಧಾನದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕಕ್ಕೆ ಬರುವ ಹಣ ದಶಕಗಳ ಹೋರಾಟದ ಫಲ. ಅದು ಆರಿದ ಕಂಬಗಳಾಗಿ ನಿಲ್ಲಕೂಡದು. ಗುತ್ತಿಗೆಯ ಹಣದಲ್ಲಿ ಅರ್ಧವನ್ನು ಮಾತ್ರ ಅಳವಡಿಕೆಗೆ ಕೊಟ್ಟು, ಉಳಿದರ್ಧವನ್ನು ದೀಪ ಉರಿದ ರಾತ್ರಿಗಳ ಲೆಕ್ಕದಲ್ಲಿ ಐದು ವರ್ಷಕ್ಕೆ ಹಂಚಬೇಕು. ಈ ಷರತ್ತಿಗೆ ಒಪ್ಪದ ಕಂಪನಿ ತನ್ನ ದೀಪ ಐದು ವರ್ಷ ಬಾಳುವುದಿಲ್ಲವೆಂದು ತಾನೇ ಬರೆದುಕೊಟ್ಟ ಹಾಗೆ. ಈ ಷರತ್ತನ್ನೇ ಹಾಕದ ಅಧಿಕಾರಿಗೆ ಅದು ಮೊದಲೇ ಗೊತ್ತಿತ್ತು.