ಅಲ್ಮೇರದಲ್ಲಿರುವ ಲೆನ್ಸು

ಮೈಸೂರಿನಿಂದ ಓದುಗರೊಬ್ಬರು ಬರೆದಿರುವ ಪತ್ರವೊಂದು ಈ ವಾರ ನನ್ನ ಮುಂದಿದೆ. ಅವರ ಮಗಳು ಮೊದಲ ವರ್ಷದ ಸಂಬಳದ ಉಳಿತಾಯದಲ್ಲಿ ಸೋನಿ ಮಿರರ್‌ಲೆಸ್ ಕ್ಯಾಮರಾವನ್ನು, ಆರಂಭದ ದರ್ಜೆಯದನ್ನು, ಕೊಂಡಿದ್ದಾಳೆ. ಮುಂದಿನ ತಿಂಗಳು ಮನೆಯಲ್ಲಿ ಅಜ್ಜಿಯ ಸಹಸ್ರಚಂದ್ರದರ್ಶನ. ಕ್ಯಾಮರಾದ ಜೊತೆಗೆ ಬಂದ ಲೆನ್ಸು ಮುಖದ ಚಿತ್ರಕ್ಕೆ ಸಾಲದು, ಬೇರೊಂದನ್ನು ಕೊಳ್ಳಲೇಬೇಕು ಎಂದು ಅಂಗಡಿಯವರು ಹೇಳಿದರಂತೆ. ಅದರ ಬೆಲೆ ಹುಡುಗಿಯ ಎರಡು ತಿಂಗಳ ಸಂಬಳ!

“ನಮ್ಮ ಯಜಮಾನರ ನಿಕಾನ್ ಕ್ಯಾಮರಾ ಅಲ್ಮೇರದಲ್ಲಿದೆ. ಅವರು ಹೋದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಅದರ ಲೆನ್ಸಿನ ಮೇಲೆ 50 ಮಿ.ಮೀ., 1:1.8 ಎಂದಿದೆ. ಇದು ಹೊಸ ಕ್ಯಾಮರಾಕ್ಕೆ ಕೂಡುವುದೇ? ಇಲ್ಲವಾದರೆ ಹಳೆಯ ಸಾಮಾನಿನವನಿಗೆ ಕೊಟ್ಟುಬಿಡಲೇ?” ಎಂದು ತಾಯಿಯವರು ಕೇಳಿದ್ದಾರೆ. ಪತ್ರ ಬರೆಯುವವರೆಲ್ಲರೂ ಇಷ್ಟು ವಿವರ ಕೊಟ್ಟರೆ ನನ್ನ ಕೆಲಸ ಅರ್ಧ ಮುಗಿದಂತೆಯೇ.

ಕೂಡುವುದು. ಸಾಮಾನಿನವನು ಕಾದಿರಲಿ.

ಕಾರಣವನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಮೋಸ ಹೋಗುವ ಭಯವಿಲ್ಲ. ಹಳೆಯ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿಯಿತ್ತು. ಚಿತ್ರ ತೆಗೆಯುವಾಗ ಅದು ಮೇಲಕ್ಕೆ ಏಳಬೇಕಾದುದರಿಂದ ಅಷ್ಟು ಸ್ಥಳವನ್ನು ಬಿಡಲೇಬೇಕಾಗಿತ್ತು. 1959ರಲ್ಲಿ ಬಂದ ನಿಕಾನ್ ಎಫ್ ಮಾದರಿಯಲ್ಲಿ ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಕನ್ನಡಿಯನ್ನೇ ತೆಗೆದುಹಾಕಿದ ಸೋನಿಯಲ್ಲಿ ಈ ದೂರ 18 ಮಿ.ಮೀ. ಮಾತ್ರ. ಉಳಿದ 28.5 ಮಿ.ಮೀ. ಅಂತರವನ್ನು ತುಂಬುವ ಟೊಳ್ಳು ಲೋಹದ ಬಳೆಗೆ ಅಡಾಪ್ಟರ್ ಎಂದು ಹೆಸರು. ಅದರೊಳಗೆ ಗಾಜಿಲ್ಲ, ಆದುದರಿಂದ ಚಿತ್ರದ ಗುಣ ಕೆಡುವ ಪ್ರಶ್ನೆಯೂ ಇಲ್ಲ. “ನಿಕಾನ್ ಎಫ್ ಲೆನ್ಸು, ಸೋನಿ ಇ ಕ್ಯಾಮರಾ” ಎಂದು ಕೇಳಿದರೆ ಎರಡು ಮೂರು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ.

ಆದರೆ ಬಳೆಗೆ ಹಣ ಕೊಡುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಬೇಕು. ಲೆನ್ಸಿನ ಮೇಲೆ 1.8, 2.8, 4, 5.6 ಎಂಬ ಅಂಕಿಗಳ ಬಳೆ ಇದೆಯೇ ನೋಡಿರಿ. ಬೆಳಕಿನ ಕಂಡಿಯನ್ನು ಕೈಯಿಂದ ಕಿರಿದು ಮಾಡುವುದು ಇದರಿಂದಲೇ. ನಿಕಾನಿನವರ ‘ಜಿ’ ಗುರುತಿನ ಲೆನ್ಸುಗಳಲ್ಲಿ ಇದಿಲ್ಲ. ಅವಕ್ಕೆ ಕಂಡಿಯನ್ನು ಸರಿಸುವ ಏರ್ಪಾಡುಳ್ಳ ಅಡಾಪ್ಟರನ್ನೇ ಕೇಳಬೇಕು. ಕ್ಯಾನನ್ ಇಎಫ್ ಲೆನ್ಸುಗಳದು ಇನ್ನೂ ಬೇರೆ ಕಥೆ. ಅವು ವಿದ್ಯುತ್ತಿನಿಂದ ನಡೆಯುವಂಥವಾದುದರಿಂದ ಟೊಳ್ಳು ಬಳೆ ಪ್ರಯೋಜನಕ್ಕೆ ಬಾರದು. ವಿದ್ಯುತ್ ಸಂಪರ್ಕವುಳ್ಳ ಅಡಾಪ್ಟರಿಗೆ ಹಲವು ಪಟ್ಟು ಬೆಲೆ.

ಎರಡನೆಯ ಪರೀಕ್ಷೆ ಬೂಷ್ಟಿನದು. ಕಂಡಿಯನ್ನು ಪೂರ್ತಿ ತೆರೆದು, ಕತ್ತಲೆಯ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚು ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದೇ ಬೂಷ್ಟು. ಹೊರಗಿನಿಂದ ಥಳಥಳಿಸುತ್ತಿದ್ದ ಲೆನ್ಸೊಂದನ್ನು ಟಾರ್ಚು ಹಿಡಿಯದೆ ಕೊಂಡು, ಒಂದು ಮಳೆಗಾಲವೆಲ್ಲ ಮಸುಕು ಚಿತ್ರಗಳನ್ನು ತೆಗೆದ ಬುದ್ಧಿವಂತ ನಾನು. ರಿಪೇರಿಯವರು ಬೂಷ್ಟನ್ನು ಒರೆಸಿ ಕೊಟ್ಟರು. ಅದು ಗಾಜಿನ ಲೇಪವನ್ನು ತಿಂದು ಉಳಿಸಿದ್ದ ಗುರುತುಗಳು ಮಾತ್ರ ಹೋಗಲಿಲ್ಲ. ವರ್ಷಗಟ್ಟಲೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟಿದ್ದರೆ ಈ ಶಂಕೆ ಹೆಚ್ಚು. ಚರ್ಮ ತೇವವನ್ನು ಹಿಡಿದಿಡುತ್ತದೆ.

ಎರಡರಲ್ಲಿಯೂ ತೇರ್ಗಡೆಯಾಯಿತೆನ್ನೋಣ. ಅಂಗಡಿಯವರ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ. ಜೊತೆಯಲ್ಲಿ ಬರುವ 16-50 ಮಿ.ಮೀ. ಲೆನ್ಸನ್ನು 50ಕ್ಕೆ ಎಳೆದಾಗ ಅದರ ಕಂಡಿ 5.6ಕ್ಕಿಂತ ಹೆಚ್ಚು ತೆರೆಯದು. ಯಜಮಾನರ ಲೆನ್ಸು 1.8ರಲ್ಲಿ ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹಿಂದಿನ ಗೋಡೆ, ಕ್ಯಾಲೆಂಡರು, ಸ್ವಿಚ್ಚುಗಳು ಮಂಜಾಗಿ ಮುಖವೊಂದೇ ಎದ್ದು ಕಾಣುತ್ತದೆ. ಅಲ್ಲದೆ ಆರಂಭದ ಸೋನಿಗಳ ಸೆನ್ಸರು ಹಳೆಯ ಫಿಲ್ಮಿಗಿಂತ ಚಿಕ್ಕದಾದುದರಿಂದ, 50ರ ಲೆನ್ಸು ಅವರ ಕಾಲದ 75ರಂತೆ ನೋಡುತ್ತದೆ. ಮುಖಕ್ಕೆ ಇದು ಬಲು ಚೆನ್ನು. ನಡುಮನೆಯಲ್ಲಿ ಇಪ್ಪತ್ತು ಜನ ಕುಳಿತರೆ ಹಿಂದಕ್ಕೆ ಸರಿಯಲು ಗೋಡೆ ಒಡೆಯಬೇಕಾದೀತು!

ಕಳೆದುಕೊಳ್ಳುವುದೇನೆಂದರೆ ಸ್ವಯಂ ಫೋಕಸ್. ಕೈಯಿಂದಲೇ ತಿರುಗಿಸಬೇಕು. ಮೊದಲು ಕ್ಯಾಮರಾದ ಮೆನುವಿನಲ್ಲಿ ಲೆನ್ಸಿಲ್ಲದೆಯೂ ಷಟರ್ ಬಿಡುವಂತೆ ಆಜ್ಞೆ ಕೊಡಬೇಕು. ಇಲ್ಲವಾದರೆ, ಟೊಳ್ಳು ಬಳೆಯ ಆಚೆ ಲೆನ್ಸಿರುವುದು ಅದಕ್ಕೆ ತಿಳಿಯದೆ ಗುಂಡಿ ಒತ್ತಿದರೂ ಸುಮ್ಮನಿರುತ್ತದೆ. ಫೋಕಸ್ ಕೂಡಿದ ಅಂಚುಗಳನ್ನು ಬಣ್ಣದ ಗೆರೆಯಿಂದ ತೋರಿಸುವ ಪೀಕಿಂಗ್ ಎಂಬ ಅನುಕೂಲವುಂಟು, ಆದರೂ 1.8ರಲ್ಲಿ ಅದನ್ನು ಪೂರ್ತಿ ನಂಬಲಾಗದು. ದೃಶ್ಯವನ್ನು ಹಿಗ್ಗಿಸಿ, ಅಜ್ಜಿಯ ಕಣ್ಣಿನ ರೆಪ್ಪೆ ಸ್ಫುಟವಾಗುವವರೆಗೆ ತಿರುಗಿಸಬೇಕು. ಹೊಸಬರು 2.8ರಿಂದ ಆರಂಭಿಸುವುದು ಮೇಲು. ಓಡಾಡುವ ಮೊಮ್ಮಕ್ಕಳ ಮೇಲೆ ಈ ಪ್ರಯೋಗ ಬೇಡ.

ಆದುದರಿಂದ ಶಾಂತಿಯ ದಿನ ಕ್ಯಾಮರಾದ ಜೊತೆ ಬಂದ ಲೆನ್ಸೇ ಇರಲಿ. ಪುರೋಹಿತರು ಕಲಶದ ನೀರೆರೆಯುವ ಕ್ಷಣ ಯಾರ ಫೋಕಸಿಗೂ ಕಾಯುವುದಿಲ್ಲ. ಅಜ್ಜಿಯ ಚಿತ್ರವನ್ನು ಹಿಂದಿನ ದಿನ ಬೆಳಿಗ್ಗೆ, ಅವರು ಕಾಫಿ ಕುಡಿದು ಕಿಟಕಿಯ ಪಕ್ಕದಲ್ಲಿ ಕುಳಿತಾಗ, ದೀಪಗಳನ್ನೆಲ್ಲ ಆರಿಸಿ ತೆಗೆಯಲಿ. ಹತ್ತು ತೆಗೆದರೆ ಎರಡು ಸರಿಯಾಗಿ ಬಂದಾವು, ಅಷ್ಟು ಸಾಕು.

ಲೆನ್ಸಿನಲ್ಲಿ ಬೂಷ್ಟು ಕಂಡರೂ ಎರಡು ತಿಂಗಳ ಸಂಬಳವನ್ನು ಸುರಿಯಬೇಕಾಗಿಲ್ಲ. 7ಆರ್ಟಿಸಾನ್ಸ್, ಟಿಟಿಆರ್ಟಿಸಾನ್ ಮೊದಲಾದ ಚೀನೀ ತಯಾರಕರ, ಕೈಯಿಂದ ಫೋಕಸ್ ಮಾಡುವ ಹೊಸ ಲೆನ್ಸುಗಳು ಅಡಾಪ್ಟರಿನ ಗೊಡವೆಯಿಲ್ಲದೆ ನೇರವಾಗಿ ಸೋನಿಗೇ ಕೂಡುತ್ತವೆ, ಬೆಲೆಯೂ ಮಿತವಾದದ್ದು. ಸ್ವಯಂ ಫೋಕಸ್ ಉಳ್ಳ ದುಬಾರಿ ಲೆನ್ಸನ್ನು ಹುಡುಗಿ ಮುಂದೆ ನಿಧಾನವಾಗಿ ಕೊಳ್ಳಬಹುದು. ನನ್ನನ್ನು ಕೇಳಿದರೆ ಆಗಲೂ 50 ಬೇಡ, ಮನೆಯೊಳಗೆ ಅನುಕೂಲವಾದ 35 ಮಿ.ಮೀ.ನದೇ ಸರಿ.

ಸದ್ಯಕ್ಕೆ ತಾವು ಇಂದು ರಾತ್ರಿಯೇ ಅಲ್ಮೇರವನ್ನು ತೆರೆದು ಟಾರ್ಚು ಹಿಡಿಯಿರಿ. ಎಳೆಗಳಿಲ್ಲದಿದ್ದರೆ ನಾಳೆಯೇ ಬಳೆಗೆ ಬರೆದು ತರಿಸಿರಿ. ಹುಡುಗಿಗೆ ಅಭ್ಯಾಸಕ್ಕೆ ಎರಡು ವಾರವಾದರೂ ಬೇಕು.